ಗುಣವಾಯಿತು, ಆದರೆ ಯಾವುದರಿಂದ? ಹೋಮಿಯೋಪತಿ ಕಲಿಕೆಯಲ್ಲಿ ತರ್ಕ ಮತ್ತು ಮನಶ್ಶಾಸ್ತ್ರ

ಪುಣೆಯ ಹಡಪಸರದಿಂದ ಮಾತಾಡ್ತಾ ಇದ್ದೇನೆ. ನಾನು ಸಾಫ್ಟ್‌ವೇರ್ ಇಂಜಿನಿಯರ್, ಡಾಕ್ಟರ್ ಅಲ್ಲ. ಯಾವ ಕಾಯಿಲೆಗೆ ಯಾವ ಔಷಧಿ ಅಂತ ಹೇಳೋಕೆ ಬಂದಿಲ್ಲ. ಹೋಮಿಯೋಪತಿ ಡಾಕ್ಟರ್ ಆಗುವವರಿಗೆ ತತ್ತ್ವಶಾಸ್ತ್ರ, ತರ್ಕ, ಮನಶ್ಶಾಸ್ತ್ರ ಯಾಕೆ ಬೇಕು ಅನ್ನೋದಷ್ಟೇ ಇವತ್ತಿನ ಮಾತು.

ನಮ್ಮ ಕಡೆ ಈ ಪದ್ಧತಿ ಹೊಸದಲ್ಲ. ಫಾದರ್ ಆಗಸ್ಟಸ್ ಮುಲ್ಲರ್ 1880ರಲ್ಲೇ ಮಂಗಳೂರಿನ ಕಂಕನಾಡಿಯಲ್ಲಿ ಹೋಮಿಯೋಪತಿ ಔಷಧಾಲಯ ಶುರು ಮಾಡಿದರು. ಇವತ್ತು ಬಿ.ಎಚ್.ಎಂ.ಎಸ್. ಅಂದ್ರೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಓದು. ಮೊದಲ ವರ್ಷದಲ್ಲೇ ದೇಹರಚನೆಯ ಪಾಠದ ಜೊತೆಗೆ 'ಆರ್ಗನಾನ್', ಹೋಮಿಯೋಪತಿ ತತ್ತ್ವ ಮತ್ತು ಮನಶ್ಶಾಸ್ತ್ರ ಬರುತ್ತೆ. ಆರ್ಗನಾನ್ ಅನ್ನೋದು ಸ್ಯಾಮ್ಯುಯೆಲ್ ಹಾನೆಮನ್ 1810ರಲ್ಲಿ ಪ್ರಕಟಿಸಿದ ಗ್ರಂಥ. ಆ ಪದದ ಅರ್ಥ ಉಪಕರಣ. ಅರಿಸ್ಟಾಟಲನ ತರ್ಕಗ್ರಂಥಗಳಿಗೂ ಅದೇ ಹೆಸರು. ಅಂದರೆ ತರ್ಕ ಇಲ್ಲಿ ಹೊರಗಿನಿಂದ ತಂದು ಸೇರಿಸಿದ್ದಲ್ಲ, ಹೆಸರಿನಲ್ಲೇ ಇದೆ.

ಆ ಪುಸ್ತಕದ ಅತ್ಯಂತ ಉಪಯುಕ್ತ ಭಾಗ, ನನ್ನ ಪ್ರಕಾರ, ರೋಗಿಯ ಮಾತು ಕೇಳುವ ಕ್ರಮ. ಪೂರ್ವಗ್ರಹ ಇಟ್ಟುಕೊಳ್ಳಬೇಡಿ. ರೋಗಿ ಮಾತಾಡುವಾಗ ನಡುವೆ ಬಾಯಿ ಹಾಕಬೇಡಿ. ಅವರ ಮಾತನ್ನು ಅವರದೇ ಪದಗಳಲ್ಲಿ ಬರೆದುಕೊಳ್ಳಿ. ಹೌದು, ಇಲ್ಲ ಅಂತ ಉತ್ತರ ಬರುವ ಹಾಗೆ ಪ್ರಶ್ನೆ ಕೇಳಬೇಡಿ.

ಇದು ಯಾಕೆ ಮುಖ್ಯ? ಹಡಪಸರದ ಸುತ್ತಮುತ್ತ ದುಡಿಯೋಕೆ ನಮ್ಮ ಕಲಬುರಗಿ, ವಿಜಯಪುರದ ಕಡೆಯಿಂದ ಬಂದವರನ್ನು ನೆನಪು ಮಾಡಿಕೊಳ್ಳಿ. ಅಂಥ ಒಬ್ಬರು ಕ್ಲಿನಿಕ್‌ಗೆ ಬಂದು "ಎದಿ ಉರೀತೈತ್ರೀ" ಅಂತಾರೆ ಅಂದುಕೊಳ್ಳಿ. ಡಾಕ್ಟರು 'ಅಸಿಡಿಟಿ' ಅಂತ ಬರೆದುಕೊಂಡರೆ ಕಥೆ ಅಲ್ಲಿಗೇ ಮುಗೀತು. ಎದೆ ಉರಿ ಅನ್ನೋದು ರೋಗಿ ಹೇಳಿದ್ದು, ಅಸಿಡಿಟಿ ಅನ್ನೋದು ಡಾಕ್ಟರ ಊಹೆ. ಹೃದಯಾಘಾತವೂ ಕೆಲವೊಮ್ಮೆ ಎದೆ ಉರಿಯ ಹಾಗೇ ಕಾಣಿಸಿಕೊಳ್ಳುತ್ತೆ. ಕಂಡದ್ದು ಯಾವುದು, ಊಹಿಸಿದ್ದು ಯಾವುದು ಅಂತ ಬೇರೆ ಮಾಡೋದೇ ತರ್ಕದ ಮೊದಲ ಪಾಠ. ಆ ಪಾಠ ಒಂದು ಜೀವ ಉಳಿಸಬಹುದು.

ಎರಡನೇ ಪಾಠ ನಮ್ಮಂಥ ಇಂಜಿನಿಯರ್‌ಗಳಿಗೆ ಚೆನ್ನಾಗಿ ಗೊತ್ತು. ಬಗ್ ಹುಡುಕುವಾಗ ಒಂದೇ ಸಲ ಮೂರು ಕಡೆ ಕೋಡ್ ಬದಲಾಯಿಸಿದರೆ ಯಾವುದರಿಂದ ಸರಿಹೋಯ್ತು ಅಂತ ತಿಳಿಯಲ್ಲ. ಒಂದು ಸಲಕ್ಕೆ ಒಂದೇ ಔಷಧಿ ಅಂತ ಹಾನೆಮನ್ ಹೇಳಿದ್ದರಲ್ಲೂ ಇದೇ ಶಿಸ್ತು ಕಾಣುತ್ತೆ.

ಆದರೆ ತರ್ಕ ಇಲ್ಲಿಗೇ ನಿಲ್ಲಬಾರದು. ಹಾನೆಮನ್ 1790ರಲ್ಲಿ ಸಿಂಕೋನಾ ತೊಗಟೆಯನ್ನು ತಾನೇ ತಿಂದು ನೋಡಿದ. ಮಲೇರಿಯಾ ಜ್ವರದಂಥ ಲಕ್ಷಣಗಳು ಬಂದವು ಅಂತ ಬರೆದ. ಆರೋಗ್ಯವಂತನಲ್ಲಿ ಯಾವ ಲಕ್ಷಣ ಹುಟ್ಟಿಸುತ್ತೋ, ರೋಗಿಯಲ್ಲಿ ಅದನ್ನೇ ಗುಣಪಡಿಸುತ್ತೆ ಅನ್ನುವ ತತ್ತ್ವ ಅಲ್ಲಿಂದ ಬೆಳೀತು. ವಿದ್ಯಾರ್ಥಿ ಇಲ್ಲಿ ಕೇಳಲೇಬೇಕು: ಒಬ್ಬನ ಅನುಭವದಿಂದ ಎಲ್ಲರಿಗೂ ಅನ್ವಯಿಸುವ ನಿಯಮಕ್ಕೆ ಹೋಗಬಹುದಾ?

ಇನ್ನು 30ಸಿ ಅಂದರೆ ನೂರಕ್ಕೆ ಒಂದರಂತೆ ಮೂವತ್ತು ಸಲ ತೆಳು ಮಾಡಿದ್ದು. ಸುಮಾರು 12ಸಿ ದಾಟಿದ ಮೇಲೆ ಮೂಲವಸ್ತುವಿನ ಒಂದು ಅಣುವಾದರೂ ಉಳಿದಿರುವ ಸಾಧ್ಯತೆ ಕಡಿಮೆಯಾಗ್ತಾ ಹೋಗುತ್ತೆ, 30ಸಿ ಹೊತ್ತಿಗೆ ಇಲ್ಲವೇ ಇಲ್ಲ ಅನ್ನಬಹುದು. ಆದರೂ ಜನ "ಗುಣ ಆಯ್ತು" ಅಂತಾರಲ್ಲ, ಹೇಗೆ? ಮನಶ್ಶಾಸ್ತ್ರ ಬೇಕಾಗೋದು ಇಲ್ಲೇ.

1835ರಲ್ಲಿ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಒಂದು ಪ್ರಯೋಗ ನಡೀತು. ಕೆಲವು ಶೀಶೆಗಳಲ್ಲಿ ಉಪ್ಪಿನ 30ಸಿ ದ್ರಾವಣ, ಉಳಿದವುಗಳಲ್ಲಿ ಬರೀ ಹಿಮ ಕರಗಿಸಿದ ನೀರು. ಯಾರಿಗೆ ಯಾವುದು ಅಂತ ಕುಡಿದವರಿಗೂ ಗೊತ್ತಿಲ್ಲ, ಹಂಚಿದವರಿಗೂ ಗೊತ್ತಿಲ್ಲ. 50 ಜನ ವರದಿ ಕೊಟ್ಟರು. 42 ಜನಕ್ಕೆ ವಿಶೇಷವಾಗಿ ಏನೂ ಅನಿಸಲಿಲ್ಲ. ಏನೋ ಅನಿಸಿತು ಅಂದವರು 8 ಜನ: ಅವರಲ್ಲಿ 5 ಜನ ದ್ರಾವಣ ಕುಡಿದವರು, 3 ಜನ ಬರೀ ನೀರು ಕುಡಿದವರು! ಆ ಮೂವರು ಸುಳ್ಳು ಹೇಳಲಿಲ್ಲ. ನಿರೀಕ್ಷೆ ಅನ್ನೋದು ದೇಹದಲ್ಲಿ ನಿಜವಾಗಿ ಅನುಭವಕ್ಕೆ ಬರುತ್ತೆ. ಇದರ ಜೊತೆಗೆ ನೆಗಡಿಯಂಥವು ತಾವಾಗಿಯೇ ವಾಸಿಯಾಗುತ್ತವೆ. ಒಂದು ಗಂಟೆ ಕೂತು ನಿಮ್ಮ ಮಾತು ಕೇಳಿದರೇನೇ ಅರ್ಧ ಭಾರ ಇಳಿಯುತ್ತೆ.

ಆಸ್ಟ್ರೇಲಿಯಾದ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಮಂಡಳಿ 2015ರಲ್ಲಿ ಅಧ್ಯಯನಗಳನ್ನೆಲ್ಲ ಪರಿಶೀಲಿಸಿತು. ಹೋಮಿಯೋಪತಿ ಪರಿಣಾಮಕಾರಿ ಅನ್ನೋದಕ್ಕೆ ಯಾವ ಕಾಯಿಲೆಯಲ್ಲೂ ನಂಬಲರ್ಹ ಪುರಾವೆ ಇಲ್ಲ ಅಂತ ಹೇಳಿತು. ಇದನ್ನೂ ತರಗತಿಯಲ್ಲಿ ಇಟ್ಟು ಚರ್ಚೆ ಮಾಡಬೇಕು. ಪರೀಕ್ಷೆಗೆ ಸೂತ್ರ ಉರು ಹೊಡೆದರೆ ಅದು ತತ್ತ್ವಶಾಸ್ತ್ರ ಆಗಲ್ಲ.

ಇದು ಬರೀ ಪುಸ್ತಕದ ಜಗಳ ಅಲ್ಲ. ಮಹಾರಾಷ್ಟ್ರ 2014ರಲ್ಲಿ ಕಾನೂನು ತಿದ್ದುಪಡಿ ಮಾಡಿ, ಆಧುನಿಕ ಔಷಧಶಾಸ್ತ್ರದ ಒಂದು ವರ್ಷದ ಕೋರ್ಸ್ ಮಾಡಿದ ಹೋಮಿಯೋಪತಿ ವೈದ್ಯರಿಗೆ ಅಲೋಪತಿ ಔಷಧಿ ಬರೆಯಲೂ ದಾರಿ ಮಾಡಿಕೊಟ್ಟಿತು. ಅದರ ಮೇಲೆ ದೊಡ್ಡ ವಿವಾದವೂ ಆಯ್ತು. ಆ ವಾದ ಏನೇ ಇರಲಿ, ಎಷ್ಟೋ ಬಡವರಿಗೆ ಇವರೇ ಮೊದಲ ಡಾಕ್ಟರ್. ಸಕ್ಕರೆ ಗುಳಿಗೆಯ ಶೀಶೆ ಕೆಳಗಿಟ್ಟು "ಇದು ನನ್ನ ಕೈಯಲ್ಲಿ ಆಗೋದಲ್ಲ, ಈಗಲೇ ದೊಡ್ಡ ಆಸ್ಪತ್ರೆಗೆ ಹೋಗಿ" ಅಂತ ಸರಿಯಾದ ಹೊತ್ತಿಗೆ ಹೇಳುವ ಧೈರ್ಯ ಇರಬೇಕು. ತನ್ನ ನಂಬಿಕೆಯನ್ನೇ ಪರೀಕ್ಷಿಸೋದನ್ನು ಕಲಿತವರಿಗೆ ಮಾತ್ರ ಆ ಧೈರ್ಯ ಬರುತ್ತೆ.

ನಿಮ್ಮ ಮನೆಯಲ್ಲಿ ಬಿ.ಎಚ್.ಎಂ.ಎಸ್. ಓದುವ ಮಕ್ಕಳಿದ್ದರೆ ಒಂದೇ ಪ್ರಶ್ನೆ ಕೇಳಿ: "ಗುಣ ಆಯ್ತು, ಸರಿ. ಔಷಧಿ ಕೊಡದೇ ಇದ್ದಿದ್ದರೆ ಏನಾಗ್ತಿತ್ತು?" ಈ ಪ್ರಶ್ನೆಗೆ ಸಿಟ್ಟಾಗದೆ ಯೋಚನೆ ಮಾಡಿದರೆ, ಪಾಠ ತಲೆಗೆ ಹೋಗಿದೆ ಅಂತ ಲೆಕ್ಕ.