ಹಳೆ ಪುಸ್ತಕ, ಹೊಸ ನೋಟಿಸು



ನಿಮ್ಮೂರು ಹವಳಗಾದ ಹೆಸರೆತ್ತಿದರೆ ಹೊರಗಿನವರಿಗೆ ನೆನಪಾಗುವುದು ಸಕ್ಕರೆ ಕಾರ್ಖಾನೆ. ಆದರೆ ನಾನಿಂದು ಪುಸ್ತಕದ ವ್ಯಾಪಾರದ ಮಾತಾಡಲು ಬಂದಿದ್ದೇನೆ. ಪರೀಕ್ಷೆ ಮುಗಿದ ಮೇಲೆ ಕೆಎಎಸ್, ಪಿಡಿಒ ಗೈಡುಗಳನ್ನು ಮೊಬೈಲಿನಲ್ಲೇ ಮಾರಿಬಿಡುವ ಹುಡುಗರು ಈಗ ಎಲ್ಲ ಊರಲ್ಲೂ ಇದ್ದಾರೆ. ಅಂಥವರಿಗೆ ಮಾರಾಟದ ಜಾಲತಾಣದಿಂದ ಒಮ್ಮೊಮ್ಮೆ ಸಂದೇಶ ಬರುತ್ತದೆ: ಬೌದ್ಧಿಕ ಆಸ್ತಿ ಹಕ್ಕಿನ ದೂರಿದೆ, ಮಾರಾಟ ನಿಲ್ಲಿಸಿದ್ದೇವೆ. ಹುಡುಗ ಹೆದರಿ ಸುಮ್ಮನಾಗುತ್ತಾನೆ. ಹೆದರುವುದು ಬೇಡ. ದೂರು ಎಂದರೆ ಒಬ್ಬರ ವಾದ, ತೀರ್ಪು ಬೇರೆ.

1957ರ ಕೃತಿಸ್ವಾಮ್ಯ ಕಾಯ್ದೆಯ 14ನೇ ಕಲಮು ಪ್ರತಿಗಳನ್ನು ಸಾರ್ವಜನಿಕರಿಗೆ ಬಿಡುಗಡೆ ಮಾಡುವ ಹಕ್ಕನ್ನು ಕೃತಿಸ್ವಾಮ್ಯ ಇರುವವರಿಗೆ ಕೊಡುತ್ತದೆ. ಆದರೆ ಈಗಾಗಲೇ ಚಲಾವಣೆಯಲ್ಲಿರುವ ಪ್ರತಿಗಳನ್ನು ಅದರಿಂದ ಹೊರಗಿಡುತ್ತದೆ. ಒಮ್ಮೆ ಮಾರಾಟವಾದ ಪ್ರತಿ ಚಲಾವಣೆಯಲ್ಲಿದೆ ಎಂದೇ ಲೆಕ್ಕ. ಅಂದರೆ ದುಡ್ಡು ಕೊಟ್ಟು ಕೊಂಡ ಅಸಲಿ ಪುಸ್ತಕವನ್ನು ಮರುಮಾರಾಟ ಮಾಡಲು ಪ್ರಕಾಶಕರ ಅಪ್ಪಣೆ ಬೇಕಿಲ್ಲ. ಅಮೆರಿಕದಲ್ಲಿ ಒಬ್ಬ ಪ್ರಕಾಶಕ ‘ದಿ ಕ್ಯಾಸ್ಟವೇ’ ಕಾದಂಬರಿಯೊಳಗೆ, ಒಂದು ಡಾಲರಿಗಿಂತ ಕಡಿಮೆಗೆ ಮಾರಿದರೆ ಹಕ್ಕಿನ ಉಲ್ಲಂಘನೆ ಎಂದು ಅಚ್ಚು ಹಾಕಿಸಿದ್ದ. ಮೇಸೀಸ್ ಅಂಗಡಿಯವರು 89 ಸೆಂಟಿಗೇ ಮಾರಿದರು. 1908ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅಂಗಡಿಯವರ ಪರ ನಿಂತಿತು.

ಕಾನೂನು ಇಷ್ಟು ಸ್ಪಷ್ಟವಿದ್ದರೂ ಮಾರುವವನು ಯಾಕೆ ಸೋಲುತ್ತಾನೆ? ಜಾಲತಾಣದವರು ಖರೀದಿ ಬಿಲ್ಲು ಕೇಳುತ್ತಾರೆ. ರದ್ದಿ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಕೊಂಡವನ ಹತ್ತಿರ ಬಿಲ್ಲು ಎಲ್ಲಿಂದ ಬರಬೇಕು? ನನ್ನ ಪ್ರಕಾರ ಹಳೆ ಪುಸ್ತಕದ ನಿಜವಾದ ಕಷ್ಟ ಇಲ್ಲಿದೆ, ಹಕ್ಕಿನಲ್ಲಿಲ್ಲ. ಆದ್ದರಿಂದ ಒಂದು ವಹಿ ಇಡಿ. ಯಾರಿಂದ, ಯಾವಾಗ, ಎಷ್ಟಕ್ಕೆ ಕೊಂಡಿರಿ ಎಂದು ಬರೆದು ಮಾರಿದವರ ಸಹಿ ಹಾಕಿಸಿ. ಶೀರ್ಷಿಕೆ ಪುಟದ ಹಿಂಬದಿಯ ಫೋಟೊ ತೆಗೆದಿಡಿ. ಪ್ರಕಾಶಕರು, ಮುದ್ರಕರು, ಆವೃತ್ತಿ, ಐಎಸ್‌ಬಿಎನ್ ಎಲ್ಲವೂ ಸಿಗುವುದು ಅಲ್ಲೇ. ಕಳ್ಳಮುದ್ರಣವೂ ಬಹಳ ಸಲ ಬೆಳಕಿಗೆ ಬರುವುದು ಆ ಪುಟದಲ್ಲೇ. ಅಕ್ಷರ ಕಲಸಿರುತ್ತದೆ, ಅಂಚು ಸೊಟ್ಟಗಿರುತ್ತದೆ, ಮುಖಪುಟದ ಬಣ್ಣ ಮಂಕಾಗಿರುತ್ತದೆ. ಅಂಥದ್ದು ಕೈಗೆ ಬಂದರೆ ಮಾರಬೇಡಿ. ನೀವು ಎಷ್ಟೇ ಪ್ರಾಮಾಣಿಕವಾಗಿ ಕೊಂಡಿದ್ದರೂ 14ನೇ ಕಲಮು ನಿಮ್ಮ ನೆರವಿಗೆ ಬಾರದು.

ಗೈಡನ್ನು ಜೆರಾಕ್ಸ್ ಮಾಡಿಸಿ, ಸ್ಪೈರಲ್ ಹಾಕಿಸಿ ಮಾರುವುದು, ಪಿಡಿಎಫ್ ಕಳಿಸಿ ಹಣ ಪಡೆಯುವುದು ಹಳೆ ಪುಸ್ತಕದ ವ್ಯಾಪಾರವಾಗದು. ಅಲ್ಲಿ ಹೊಸ ಪ್ರತಿ ಹುಟ್ಟುತ್ತದೆ. ಗೊತ್ತಿದ್ದೂ ಮಾಡಿದವರಿಗೆ 63ನೇ ಕಲಮಿನಡಿ 3 ವರ್ಷದವರೆಗೆ ಜೈಲಾಗಬಹುದು. ಬಡ ವಿದ್ಯಾರ್ಥಿಗೆ ಉಪಕಾರ ಮಾಡಿದೆವು ಎಂಬ ಸಮಜಾಯಿಷಿ ಕೇಳಲು ಚೆನ್ನ, ಕಟಕಟೆಯಲ್ಲಿ ನಡೆಯುವುದಿಲ್ಲ.

ಕೆಲವು ಸಲ ಪುಸ್ತಕ ಅಸಲಿಯಾಗಿದ್ದರೂ ದೂರು ಚಿತ್ರದ ಮೇಲೆ ಬರುತ್ತದೆ. ಪ್ರಕಾಶಕರ ಜಾಲತಾಣದಿಂದ ಮುಖಪುಟವನ್ನೂ ಬೆನ್ನುಡಿಯನ್ನೂ ಎತ್ತಿ ಹಾಕುವ ಬದಲು ನಿಮ್ಮ ಪ್ರತಿಯದೇ ಫೋಟೊ ಹಾಕಿ. ಮಡಿಸಿದ ಪುಟ, ಶಾಯಿಯ ಕಲೆ ಎಲ್ಲ ಕಾಣಲಿ. ಹಳೆಯದನ್ನು ಹೊಸದೆಂದು ಮಾರಿದರು ಎಂಬ ದೂರಿಗೂ ಅದೇ ಮದ್ದು. ದೂರು ಬಂದಾಗ ಜಾಲತಾಣ ನಡೆದುಕೊಳ್ಳಬೇಕಾದ ರೀತಿಗೂ ನಿಯಮವಿದೆ. 2013ರ ಕೃತಿಸ್ವಾಮ್ಯ ನಿಯಮಗಳಲ್ಲಿ 75ನೆಯದು ಜಾಲತಾಣದಲ್ಲಿ ಸಂಗ್ರಹವಾದ ಡಿಜಿಟಲ್ ಪ್ರತಿಗೆ ಸಂಬಂಧಿಸಿದ್ದು. ಲಿಖಿತ ದೂರು ಒಪ್ಪುವಂತಿದ್ದರೆ 36 ಗಂಟೆಯೊಳಗೆ ಅದನ್ನು ತಡೆಯಬೇಕು. 21 ದಿನದೊಳಗೆ ದೂರುದಾರರು ಕೋರ್ಟಿನ ಆದೇಶ ತರದಿದ್ದರೆ ಮತ್ತೆ ತೆರೆಯಬಹುದು. ಆದರೆ ಕಾಗದದ ಪುಸ್ತಕದ ಮಾರಾಟ ನಿಲ್ಲಿಸುವಾಗ ಜಾಲತಾಣದವರು ಹೆಚ್ಚಾಗಿ ತಮ್ಮ ಕರಾರನ್ನೇ ಹಿಡಿಯುತ್ತಾರೆ.

ಎಂಜಿನಿಯರಿಂಗ್, ವೈದ್ಯಕೀಯದ ಅಗ್ಗದ ಭಾರತೀಯ ಆವೃತ್ತಿಗಳ ಮೇಲೆ ಇಂತಿಂಥ ದೇಶಗಳಲ್ಲಿ ಮಾತ್ರ ಮಾರಾಟಕ್ಕೆ ಎಂದಿರುತ್ತದೆ. ಕಲಬುರಗಿಯಲ್ಲಿ ಮಾರಲು ಅಡ್ಡಿಯಿಲ್ಲ. ಆದರೆ ಅವನ್ನು ವಿದೇಶಕ್ಕೆ ಕಳಿಸಿದವರ ವಿರುದ್ಧ ಪ್ರಕಾಶನ ಕಂಪನಿ ಜಾನ್ ವೈಲಿಯ ಪ್ರಕರಣದಲ್ಲಿ ದೆಹಲಿ ಹೈಕೋರ್ಟು 2010ರಲ್ಲಿ ತೀರ್ಪು ಕೊಟ್ಟಿದೆ. ಅಮೆರಿಕದ ಸುಪ್ರೀಂ ಕೋರ್ಟು 2013ರಲ್ಲಿ ಅದೇ ಕಂಪನಿಯ ಇನ್ನೊಂದು ಪ್ರಕರಣದಲ್ಲಿ, ಥಾಯ್ಲೆಂಡಿನಿಂದ ಪುಸ್ತಕ ತರಿಸಿ ಮಾರಿದ ವಿದ್ಯಾರ್ಥಿಯ ಕಡೆಗೇ ನಿಂತಿತು. ನಾವಿರುವುದು ಇಲ್ಲಿ, ದೆಹಲಿಯ ತೀರ್ಪನ್ನೇ ಗಮನಿಸೋಣ.

ಹಾಗಾದರೆ ಸುಳ್ಳು ದೂರಿಗೆ ಏನು ಮದ್ದು? ಮೊದಲು ದೂರು ಕೊಟ್ಟವರಿಗೇ ಬರೆಯಿರಿ. ಪುಸ್ತಕದ ವಿವರ, ಫೋಟೊ, ಕೊಂಡ ದಾಖಲೆ, 14ನೇ ಕಲಮಿನ ಉಲ್ಲೇಖ ಇಷ್ಟಿದ್ದು, ದೂರು ವಾಪಸು ಪಡೆಯಿರಿ ಎಂಬ ಒಂದು ಸಾಲು ಸಾಕು. ಸಿಟ್ಟಿನ ಮಾತು ಬೇಡ. ಪತ್ರದ ಪ್ರತಿಯನ್ನು ಜಾಲತಾಣದ ಕುಂದುಕೊರತೆ ಅಧಿಕಾರಿಗೂ ಕಳಿಸಿ. ದಾವೆ ಹೂಡದೆ ಬರೀ ಬೆದರಿಕೆ ಹಾಕುವವರ ವಿರುದ್ಧ 60ನೇ ಕಲಮಿದೆ: ಉಲ್ಲಂಘನೆ ನಡೆದಿಲ್ಲವೆಂದು ಘೋಷಿಸಿ, ಬೆದರಿಕೆ ನಿಲ್ಲಿಸಿ ಎಂದು ನೀವೇ ಕೋರ್ಟಿಗೆ ಹೋಗಬಹುದು. 200 ರೂಪಾಯಿಯ ಗೈಡಿಗಾಗಿ ಯಾರೂ ವಕೀಲರನ್ನು ಹಿಡಿಯುವುದಿಲ್ಲ, ಒಪ್ಪುತ್ತೇನೆ. ಆದರೂ ಪತ್ರದ ಕೊನೆಗೆ ಆ ಕಲಮಿನ ಸಂಖ್ಯೆಯನ್ನು ಬರೆಯಿರಿ.