ರಸಮಂಜರಿ: ನಮ್ಮೂರ ಅಟ್ಟದಿಂದ ಕಾಚಿಗೂಡದ ವೇದಿಕೆಯವರೆಗೆ

(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



"ತವರಿನ ನೆನಪು" ಎಂಬ ವಿಷಯದ ಮೇಲೆ ಮಾತನಾಡಿ ಎಂದು ನಮ್ಮ ಕಾರ್ಯದರ್ಶಿಗಳು ಫೋನ್ ಮಾಡಿದಾಗ, ನಾನು ರಸಮಂಜರಿಯ ಬಗ್ಗೆ ಮಾತನಾಡುತ್ತೇನೆ ಎಂದೆ. ಅವರು ಒಂದು ಕ್ಷಣ ಸುಮ್ಮನಾದರು. ಹಬ್ಬ, ಹೋಳಿಗೆ, ಕುಲದೇವತೆ ಎಂದೆಲ್ಲ ಅವರು ಎಣಿಸಿದ್ದರೇನೋ. ಆದರೆ ನನ್ನ ತವರಿನ ನೆನಪುಗಳಲ್ಲಿ ನನ್ನನ್ನು ಇವತ್ತಿಗೂ ಬಿಡದೆ ಇರುವುದು ಜಾತ್ರೆಯ ಒಂದು ರಾತ್ರಿಯ ರಸಮಂಜರಿ. ಅದನ್ನು ಹೇಳುವುದಕ್ಕೆ ಒಂದು ಕಾರಣವೂ ಇದೆ. ಕೊನೆಯಲ್ಲಿ ನಿಮ್ಮ ಮುಂದೆ ಒಂದು ಬೇಡಿಕೆ ಇಡುವವಳಿದ್ದೇನೆ.

ಈ ನೆನಪು ಮತ್ತೆ ಎದ್ದು ಬಂದದ್ದು ತವರಿನಲ್ಲಲ್ಲ, ಸ್ಕಾಟ್ಲೆಂಡಿನಲ್ಲಿ. ಕಳೆದ ಬೇಸಿಗೆಯಲ್ಲಿ ಮಗಳ ಮನೆಗೆ ಹೋಗಿದ್ದೆ. ಒಂದು ಶನಿವಾರ ಸಂಜೆ ಮಗಳು, ಅಳಿಯ ಇಬ್ಬರೂ ಸೇರಿ ನನ್ನನ್ನು ಹತ್ತಿರದ ಹಳ್ಳಿಯೊಂದಕ್ಕೆ ಕರೆದುಕೊಂಡು ಹೋದರು. ನಮ್ಮ ಊರಿನ ಸಮುದಾಯ ಭವನದಂಥದ್ದೇ ಒಂದು ಸಾದಾ ಹಾಲ್. ಮರದ ನೆಲ, ಗೋಡೆಗುಂಟ ಕುರ್ಚಿಗಳು, ಮೂಲೆಯಲ್ಲಿ ಚಹಾ. ಚಿಕ್ಕ ವೇದಿಕೆಯ ಮೇಲೆ ಒಬ್ಬರು ಅಕಾರ್ಡಿಯನ್, ಒಬ್ಬ ಹೆಣ್ಣುಮಗಳು ಪಿಟೀಲು, ಇನ್ನೊಬ್ಬರು ಡ್ರಮ್. ಅವರು ಅದಕ್ಕೆ ಕೇಲಿ ಎನ್ನುತ್ತಾರೆ. ಕುಣಿತದ ಹೆಜ್ಜೆಗಳನ್ನು ಮೈಕಿನಲ್ಲಿ ಒಬ್ಬರು ಹೇಳಿಕೊಡುತ್ತಾರೆ. ಅಜ್ಜ, ಅಜ್ಜಿ, ಶಾಲೆಯ ಹುಡುಗರು, ಹೊಸದಾಗಿ ಮದುವೆಯಾದವರು ಎಲ್ಲರೂ ಒಂದೇ ಸಾಲಿನಲ್ಲಿ ನಿಂತು ಕುಣಿಯುತ್ತಾರೆ. ಕುಣಿತದ ನಡುವೆ ಒಬ್ಬ ವಯಸ್ಸಾದವರು ಎದ್ದು ಒಂದು ಹಾಡು ಹೇಳಿದರು, ಇನ್ನೊಬ್ಬರು ನಗೆಚಟಾಕಿ ಹಾರಿಸಿದರು.

ಅಲ್ಲಿ ಇಂಥ ಹಳ್ಳಿ ಹಾಲ್‌ಗಳ ವಾದ್ಯಮೇಳದಿಂದಲೇ ದೊಡ್ಡ ಹೆಸರು ಮಾಡಿದ ಜಿಮ್ಮಿ ಶ್ಯಾಂಡ್ ಎಂಬವರಿದ್ದರು. 1908ರಲ್ಲಿ ಹುಟ್ಟಿದವರು, ಹುಡುಗನಾಗಿದ್ದಾಗ ಕಲ್ಲಿದ್ದಲ ಗಣಿಗೆ ಇಳಿದು ದುಡಿದವರು, ಆಮೇಲೆ ಅಕಾರ್ಡಿಯನ್ ಹಿಡಿದು ಹಳ್ಳಿಹಳ್ಳಿ ಸುತ್ತಿದವರು. ಅವತ್ತು ನನ್ನ ಕಣ್ಣಿಗೆ ಬಿದ್ದದ್ದು ಒಂದು ಸಣ್ಣ ಸಂಗತಿ. ಸಾಲಿನ ಕೊನೆಯಲ್ಲಿದ್ದ ವಯಸ್ಸಾದ ಗಂಡಹೆಂಡತಿ ಹೆಜ್ಜೆ ಹಾಕುವಲ್ಲಿ ಹಿಂದೆ ಬಿದ್ದರು. ಅಕಾರ್ಡಿಯನ್ನಿನವರು ಅದನ್ನು ನೋಡಿ, ಯಾರಿಗೂ ಗೊತ್ತಾಗದ ಹಾಗೆ ಲಯವನ್ನು ಸ್ವಲ್ಪ ನಿಧಾನ ಮಾಡಿದರು. ಅವರಿಬ್ಬರೂ ಸಾಲು ಸೇರಿಕೊಂಡ ಮೇಲೆ ಮತ್ತೆ ಜೋರು. ನನಗೆ ಆ ಕ್ಷಣಕ್ಕೆ ನನ್ನ ಚಿಗವ್ವ ನೆನಪಾದಳು.

ನನ್ನ ತವರು ಸೇಡಂ ತಾಲ್ಲೂಕಿನ ಒಂದು ಹಳ್ಳಿ. ನಮ್ಮಲ್ಲಿ ಹಲವರ ಮೂಲ ಆ ಕಡೆಯದೇ. 1956ರ ನವೆಂಬರ್ 1ರವರೆಗೆ ಗುಲ್ಬರ್ಗಾ, ರಾಯಚೂರು, ಬೀದರ ಎಲ್ಲವೂ ಹೈದರಾಬಾದ್ ರಾಜ್ಯದಲ್ಲೇ ಇದ್ದವಲ್ಲ. ರಾಜ್ಯ ಬೇರೆಯಾದರೂ ನಂಟು ಬಿಡಲಿಲ್ಲ. ನೌಕರಿಗೆ, ಓದಿಗೆ, ಲಗ್ನವಾಗಿ ಈ ಕಡೆ ಬಂದವರಿಗೆ ಕರ್ನಾಟಕ ಸಾಹಿತ್ಯ ಮಂದಿರ ಮತ್ತು ನೃಪತುಂಗ ಶಾಲೆ ಇರುವ ಈ ಕಾಚಿಗೂಡವೇ ಎರಡನೇ ಊರಾಯಿತು.

ನಮ್ಮ ಕಡೆಯ ಜಾತ್ರೆ ಎಂದರೆ ಹಗಲು ತೇರು, ರಾತ್ರಿ ಆಟ. ದೊಡ್ಡ ಜಾತ್ರೆಗಳಿಗೆ ನಾಟಕ ಕಂಪನಿಗಳು ಬರುತ್ತಿದ್ದವು. ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಯಲ್ಲಂತೂ ಒಂದರ ಪಕ್ಕ ಒಂದು ಕಂಪನಿ ಟೆಂಟ್ ಹಾಕುವುದು ಇವತ್ತಿಗೂ ಪ್ರಸಿದ್ಧ. ನಮ್ಮಂಥ ಸಣ್ಣ ಊರಿಗೆ ಕಂಪನಿ ಬರುವುದಿಲ್ಲ. ಅದಕ್ಕೆ ಊರಿನ ಹುಡುಗರು ಮನೆಮನೆಗೆ ಪಟ್ಟಿ ಎತ್ತಿ, ರೊಕ್ಕ ಕೂಡಿಸಿ, ಪಟ್ಟಣದಿಂದ ಆರ್ಕೆಸ್ಟ್ರಾ ಕರೆಸುತ್ತಿದ್ದರು. ಅದೇ ರಸಮಂಜರಿ.

ಮೊದಲು ಗಣಪತಿಯ ಸ್ತುತಿ, ಆಮೇಲೆ ಒಂದೆರಡು ಭಕ್ತಿಗೀತೆ. ಹಿರಿಯರು ಎದ್ದು ಮನೆಗೆ ಹೋಗುವ ಹೊತ್ತಿಗೆ ಸಿನಿಮಾ ಹಾಡು. ಕನ್ನಡದ್ದು, ಹಿಂದಿಯದ್ದು, ನಮ್ಮದು ಗಡಿ ಊರಾದ್ದರಿಂದ ತೆಲುಗಿನದ್ದೂ. ನಡುವೆ ಮಿಮಿಕ್ರಿ: ನರಸಿಂಹರಾಜು, ಬಾಲಕೃಷ್ಣ ಅವರ ದನಿ. ಒಂದು ಡ್ಯಾನ್ಸು, ಒಂದು ಜಾದು. ಇಂಥ ಹಾಡು ಬೇಕೆಂದು ಚೀಟಿ ಬರುತ್ತಿತ್ತು. ಯಾರು ಎಷ್ಟು ಆಯೇರಿ ಮಾಡಿದರು ಎಂದು ಮೈಕಿನಲ್ಲಿ ಹೆಸರು ಕೂಗುತ್ತಿದ್ದರು. ಡಾ. ರಾಜಕುಮಾರ್ ಅವರಂಥವರೇ ರಸಮಂಜರಿಯ ವೇದಿಕೆಯಲ್ಲಿ ನಿಂತು ಹಾಡುತ್ತಿದ್ದ ಕಾಲ ಅದು. ಹಾಗಾಗಿ ನಮ್ಮೂರ ಹುಡುಗರಿಗೆ ಅದರ ಮೇಲೆ ಅಷ್ಟು ಹುಚ್ಚು.

1979 ಇರಬೇಕು, ನನಗೆ ಒಂಬತ್ತು ವರ್ಷ. ಎರಡು ಚಕ್ಕಡಿಗಳ ಮೇಲೆ ಹಲಗೆ ಹಾಸಿ ಅಟ್ಟ ಕಟ್ಟಿದ್ದರು. ತಬಲಾ, ಢೋಲಕ್, ಬಾಂಗೋ, ಒಂದು ಗಿಟಾರ್, ಒಂದು ಅಕಾರ್ಡಿಯನ್. ಗಂಡಸರು ಮುಂದೆ, ಹೆಂಗಸರು ಗುಡಿಯ ಕಟ್ಟೆಯ ಮೇಲೆ ಕತ್ತಲಲ್ಲಿ. ಆವತ್ತು ಆರ್ಕೆಸ್ಟ್ರಾದ ಗಾಯಕಿಗೆ ಜ್ವರ. ಹೆಣ್ಣು ದನಿಯ ಹಾಡಿಲ್ಲದೆ ಒಂದು ತಾಸು ಕಳೆಯಿತು. ಜನ ಗಲಾಟೆ ಶುರು ಮಾಡಿದರು. ಆಗ ನಮ್ಮ ಸೋದರಮಾವ ಕಟ್ಟೆಯ ಕಡೆ ಬಂದು ಚಿಗವ್ವನಿಗೆ, "ಬಾ ಬೇ, ಒಂದೇ ಹಾಡು, ಊರಿನ ಮರ್ಯಾದಿ ಉಳಸು" ಎಂದ. ಅವಳಿಗೆ ಇಪ್ಪತ್ತು ವರ್ಷ. ರೇಡಿಯೋ ಕೇಳಿಕೊಂಡೇ ಎಸ್. ಜಾನಕಿ ಹಾಡುಗಳನ್ನೆಲ್ಲ ಕಲಿತಿದ್ದಳು. ಸೆರಗು ಹೊದ್ದುಕೊಂಡು, ತಲೆ ತಗ್ಗಿಸಿ ಅಟ್ಟ ಹತ್ತಿದಳು.

ಅಕಾರ್ಡಿಯನ್ನಿನವರು "ಯಾವ ಸ್ವರ ತಂಗೀ?" ಎಂದು ಕೇಳಿದರು. ಅವಳಿಗೇನು ಗೊತ್ತು, ಬಿಳಿ ನಾಲ್ಕೋ ಕರಿ ಎರಡೋ! ಸುಮ್ಮನೆ ನಿಂತಳು. ಅವರು ಹೇಳಿದ ಮಾತು ನನಗೆ ಇವತ್ತಿಗೂ ಕಿವಿಯಲ್ಲಿದೆ: "ನೀ ಶುರು ಮಾಡವ್ವಾ, ನಾವ್ ಹಿಂದಿಂದ ಬರ್ತೀವಿ."

ಅವಳು ಶುರು ಮಾಡಿದಳು. ಅವರು ಅವಳ ಸ್ವರ ಹುಡುಕಿಕೊಂಡು ಹಿಂದಿನಿಂದ ಬಂದರು. ಎರಡನೇ ಚರಣ ಬರುವಾಗ ಅವಳಿಗೆ ಸಾಲು ಮರೆತುಹೋಯಿತು. ತಬಲಾದವರು ಠೇಕಾ ಬಿಡಲಿಲ್ಲ, ಅಕಾರ್ಡಿಯನ್ನಿನವರು ನಡುವಿನ ಸಂಗೀತವನ್ನು ಎರಡು ಸಲ, ಮೂರು ಸಲ ನುಡಿಸಿದರು. ಸಾಲು ನೆನಪಾಯಿತು, ಹಾಡು ಮುಗಿಯಿತು. ಹಾಡು ಇರುವುದೇ ಹಾಗೆ ಎಂದು ಜನ ತಿಳಿದರು. ಚಪ್ಪಾಳೆ ಎಷ್ಟಿತ್ತೆಂದರೆ ಅವಳು ಮತ್ತೆರಡು ಹಾಡು ಹೇಳಬೇಕಾಯಿತು.

ಇಷ್ಟಕ್ಕೇ ಮುಗಿದಿದ್ದರೆ ಇದೊಂದು ಸಂತೋಷದ ಕಥೆ. ಪಕ್ಕದೂರಿನ ಒಂದು ಮನೆಯವರು ಅವಳನ್ನು ಸೊಸೆ ಮಾಡಿಕೊಳ್ಳುವ ಮಾತಾಡಿದ್ದರು. ಅವರೂ ಜಾತ್ರೆಗೆ ಬಂದಿದ್ದರು. ಮರುವಾರ ಹೇಳಿ ಕಳಿಸಿದರು: "ಮೈಕ್ ಹಿಡದ ಹುಡುಗಿ ನಮಗ ಬ್ಯಾಡ." ಅಜ್ಜ ಬೈಯಲಿಲ್ಲ, ಹೊಡೆಯಲಿಲ್ಲ. ಆದರೆ ಅಂದಿನಿಂದ ಗುಡಿಯ ಭಜನೆಯಲ್ಲೂ ಅವಳ ದನಿ ಕೇಳಲಿಲ್ಲ. ಹಾಡಲು ಕರೆದುಕೊಂಡು ಹೋದ ಸೋದರಮಾವನಿಗೆ ಯಾರೂ ಏನೂ ಅನ್ನಲಿಲ್ಲ. ಎರಡು ವರ್ಷದ ಮೇಲೆ ಹೈದರಾಬಾದಿನ ಸಂಬಂಧ ಬಂತು, ಅವಳು ಈ ಊರಿಗೆ ಬಂದಳು. ಆಮೇಲೆ ಹಾಡಿದ್ದೆಲ್ಲ ಅಡುಗೆಮನೆಯಲ್ಲಿ, ತೊಟ್ಟಿಲ ಕಾರ್ಯಗಳಲ್ಲಿ.

ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಮುಂದಿನ ವರ್ಷಗಳಲ್ಲಿ ಗಾಯಕಿಯರು ಬಂದಾಗ ಶಾಲೆಯ ಕೋಣೆಯಲ್ಲಿ ಅವರಿಗೆ ಬಿಡಾರ. ಜೊತೆಗೆ ತಾಯಿಯೋ ತಮ್ಮನೋ ಕಾವಲು. ನಾವು ಹುಡುಗಿಯರು ಕಿಟಕಿಯಿಂದ ಇಣುಕಿ ಅವರ ಸೀರೆ ನೋಡುತ್ತಿದ್ದೆವು. ಮರುದಿನ ಬಾವಿಕಟ್ಟೆಯಲ್ಲಿ ಅವರ ಬಗ್ಗೆ ಇಲ್ಲದ ಮಾತು ಆಡಿದವರು ಗಂಡಸರಷ್ಟೇ ಅಲ್ಲ, ನಮ್ಮ ಹೆಂಗಸರೂ ಆಡಿದರು. ರಾತ್ರಿ ಅವರ ಹಾಡು ಬೇಕು, ಬೆಳಗಾದರೆ ಅವರು ಬೇಡ.

ಹಾಗೆಂದು ವೇದಿಕೆ ಹತ್ತಿದ ಹೆಣ್ಣುಮಕ್ಕಳು ನಿಲ್ಲಲಿಲ್ಲ. ಗುಬ್ಬಿ ಕಂಪನಿಯಲ್ಲಿ ಬಿ. ಜಯಮ್ಮ ಹಾಡಿ, ನಟಿಸಿ ಮನೆಮಾತಾದರು. ದಾವಣಗೆರೆಯ ಚಿಂದೋಡಿ ಲೀಲಾ ಕೆ.ಬಿ.ಆರ್. ಡ್ರಾಮಾ ಕಂಪನಿಯ ಹೆಸರನ್ನು ಊರೂರಿಗೂ ಮುಟ್ಟಿಸಿದರು. ಆರ್. ನಾಗರತ್ನಮ್ಮ 1958ರಲ್ಲಿ ಹೆಂಗಸರದೇ ಸ್ತ್ರೀ ನಾಟಕ ಮಂಡಳಿ ಕಟ್ಟಿ, ಕಂಸ, ರಾವಣರ ಪಾತ್ರವನ್ನು ತಾವೇ ಮಾಡಿ ತೋರಿಸಿದರು. ಇವರು ದಾರಿ ಮಾಡಿಕೊಟ್ಟಿದ್ದರಿಂದಲೇ ನಾನು ಇವತ್ತು ಮೈಕ್ ಹಿಡಿದರೆ ಯಾರೂ ಏನೂ ಅನ್ನುವುದಿಲ್ಲ.

ಈಗ ನಮಗೆ ಮೈಕ್ ಸಿಕ್ಕಿದೆ. ಆದರೆ ಹಿಂದಿನಿಂದ ಬರುವವರು ಇಲ್ಲ. ಇದು ಒಂದೇ ದಿನದಲ್ಲಿ ಆದದ್ದಲ್ಲ. 1985ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿಯ ಆಕ್ಟೋಪ್ಯಾಡ್ ಮಾರುಕಟ್ಟೆಗೆ ಬಂತು. ಢೋಲಕ್, ಬಾಂಗೋ, ಡ್ರಮ್ ನುಡಿಸುತ್ತಿದ್ದ ಮೂರು ನಾಲ್ಕು ಜನರ ಜಾಗದಲ್ಲಿ ಒಬ್ಬರು ಸಾಕಾದರು. ಕೀಬೋರ್ಡ್ ಬಂದು ಅಕಾರ್ಡಿಯನ್, ಪಿಟೀಲು, ಕೊಳಲು ಎಲ್ಲವನ್ನೂ ನುಂಗಿತು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಬೇಡವೆಂಬ ನಿಯಮ 2000ದಲ್ಲಿ ಬಂತು, 2005ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಿಗಿ ಮಾಡಿತು. ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಾತ್ರ ಹನ್ನೆರಡರವರೆಗೆ ಸರ್ಕಾರ ವಿನಾಯಿತಿ ಕೊಡಬಹುದು. ಮಕ್ಕಳ ಓದಿಗೆ, ರೋಗಿಗಳ ನಿದ್ದೆಗೆ ಅದು ಬೇಕಾದ ನಿಯಮವೇ. ಆದರೆ ಬೆಳತನಕ ನಡೆಯುತ್ತಿದ್ದ ರಸಮಂಜರಿ ಮೂರು ತಾಸಿಗೆ ಇಳಿಯಿತು. ಇಲ್ಲಿ ಬತುಕಮ್ಮದ ಸುತ್ತ ಕೈತಟ್ಟಿ ತಾವೇ ಹಾಡುತ್ತಿದ್ದ ಹೆಂಗಸರು ಕೂಡ ಎಷ್ಟೋ ಕಡೆ ಈಗ ಡಿಜೆ ಹಾಕಿದ ಹಾಡಿಗೆ ಹೆಜ್ಜೆ ಹಾಕುತ್ತಾರೆ. ಕೊನೆಗೆ ಬಂದದ್ದು ಕರೋಕೆ.

ಕರೋಕೆಯನ್ನು ನಾನು ಬೈಯುವುದಿಲ್ಲ. ಫೋನಿನಲ್ಲಿ ಟ್ರ್ಯಾಕ್ ಹಾಕಿಕೊಂಡು ಅಡುಗೆ ಮಾಡುತ್ತಲೇ ಅಭ್ಯಾಸ ಮಾಡುವವರು ನಮ್ಮಲ್ಲೇ ಎಷ್ಟು ಜನ ಇದ್ದೀರಿ! ಹಾಡುವ ಧೈರ್ಯ ಬಂದದ್ದೇ ಅದರಿಂದ ಎಂದು ಹಲವರು ನನಗೆ ಹೇಳಿದ್ದೀರಿ. ಆದರೆ ಹೋದ ವರ್ಷ ನಮ್ಮ ವಿವಿಧ ವಿನೋದಾವಳಿಯಲ್ಲಿ ಏನಾಯಿತೆಂದು ನೆನಪು ಮಾಡಿಕೊಳ್ಳಿ. ನನ್ನ ಚಿಗವ್ವ ನಲವತ್ತೈದು ವರ್ಷಗಳ ಮೇಲೆ ಮೊದಲ ಸಲ ವೇದಿಕೆ ಹತ್ತಿದಳು. ಅದೇ ಹಾಡು. ಟ್ರ್ಯಾಕಿನ ಶ್ರುತಿ ಅವಳ ದನಿಗಿಂತ ಮೇಲೆ. ಎರಡನೇ ಚರಣಕ್ಕೆ ಅವಳಿಗೆ ಉಸಿರು ಸಾಲಲಿಲ್ಲ, ಒಂದು ಸಾಲು ನಿಂತಳು. ಟ್ರ್ಯಾಕ್ ನಿಲ್ಲಲಿಲ್ಲ, ಮುಂದೆ ಹೋಯಿತು. ಅವಳು ಹಿಡಿಯಲು ನೋಡಿದಳು, ಆಗಲಿಲ್ಲ. ಮೈಕನ್ನು ಸ್ಟ್ಯಾಂಡಿಗೆ ಇಟ್ಟು, ಕೈಮುಗಿದು ಕೆಳಗೆ ಇಳಿದಳು. ಅವಳು ಬಂದು ಕುರ್ಚಿಯಲ್ಲಿ ಕುಳಿತ ಮೇಲೂ ಸಂಗೀತ ನಡೆದೇ ಇತ್ತು. ಯಾರ ತಪ್ಪೂ ಅಲ್ಲ ಅದು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಮನೆಗೆ ಹೋಗುವಾಗ ಆಟೋದಲ್ಲಿ ಅವಳು ಇಷ್ಟೇ ಅಂದಳು: "ಅದು ನನ್ನ ಸಲುವಾಗಿ ನಿಲ್ಲಂಗಿಲ್ಲ ನೋಡು."

ಈ ವರ್ಷದ ರಾಜ್ಯೋತ್ಸವಕ್ಕೂ ಖರ್ಚು ಉಳಿಸಲು ಟ್ರ್ಯಾಕಿನ ಮೇಲೇ ಹಾಡಿಸಬೇಕೆಂದು ಸಮಿತಿಯಲ್ಲಿ ಮಾತಾಗಿದೆ ಎಂದು ಕೇಳಿದೆ. ನನ್ನ ಬೇಡಿಕೆ ದೊಡ್ಡದೇನಲ್ಲ. ಒಬ್ಬರು ಕೀಬೋರ್ಡ್ ಇಲ್ಲವೆ ಹಾರ್ಮೋನಿಯಂ, ಒಬ್ಬರು ತಬಲಾ, ಒಬ್ಬರು ಢೋಲಕ್. ಮೂರೇ ಜನ. ಎರಡು ಭಾನುವಾರ ಅವರ ಜೊತೆ ಅಭ್ಯಾಸ. ಖರ್ಚಿಗೆ ದಾರಿಯನ್ನೂ ಹೇಳುತ್ತೇನೆ. ಶಾಲು, ಹಾರ, ನೆನಪಿನ ಕಾಣಿಕೆಗಳನ್ನು ಕಡಿಮೆ ಮಾಡೋಣ. ನಮಗೆ ಹೊದಿಸಿದ ಶಾಲನ್ನು ನಾವು ಮುಂದಿನ ಕಾರ್ಯಕ್ರಮದಲ್ಲಿ ಇನ್ನೊಬ್ಬರಿಗೆ ಹೊದಿಸುವುದು ಇಲ್ಲಿ ಯಾರಿಗೆ ಗೊತ್ತಿಲ್ಲ? (ನಗು) ಉಳಿದದ್ದಕ್ಕೆ ನಮ್ಮೂರ ಹುಡುಗರ ಹಾಗೆ ಪಟ್ಟಿ ಎತ್ತೋಣ. ಮೊದಲ ಹೆಸರು ನನ್ನದು ಬರೆದುಕೊಳ್ಳಿ.

ನಮ್ಮ ಮಕ್ಕಳು ತಬಲಾ ಕಲಿಯುತ್ತಿದ್ದಾರೆ, ಕೀಬೋರ್ಡ್ ಕ್ಲಾಸಿಗೆ ಹೋಗುತ್ತಿದ್ದಾರೆ. ಅವರನ್ನೂ ಈ ಮೂವರ ಪಕ್ಕದಲ್ಲಿ ಕೂರಿಸೋಣ. ಪರೀಕ್ಷೆ ಪಾಸು ಮಾಡುವುದು ಒಂದು ವಿದ್ಯೆ. ಹಾಡುವ ಅಜ್ಜಿಯ ಮುಖ ನೋಡಿ, ಅವಳು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ ಎಂದು ತಿಳಿದು ನುಡಿಸುವುದು ಇನ್ನೊಂದು ವಿದ್ಯೆ. ಅದನ್ನು ಹೇಳಿಕೊಡುವವರು ಇನ್ನೂ ಇರುವಾಗಲೇ ಅವರು ಕಲಿಯಲಿ.

ಚಿಗವ್ವನನ್ನು ಕೇಳದೆ ನಾನು ಈ ಮಾತು ಹೇಳಿಲ್ಲ. "ಕಥಿ ಹೇಳು, ಹೆಸರು ಹೇಳಬ್ಯಾಡ" ಎಂದು ಅಪ್ಪಣೆ ಕೊಟ್ಟಿದ್ದಾಳೆ. ಅವಳು ಇಲ್ಲೇ ಕುಳಿತಿದ್ದಾಳೆ, ಯಾರೆಂದು ನಿಮಗೆಲ್ಲ ಗೊತ್ತು. ನವೆಂಬರಿನಲ್ಲಿ ಹಾಡುತ್ತೀಯಾ ಎಂದರೆ ಇನ್ನೂ ಹೂಂ ಅಂದಿಲ್ಲ. ತಬಲಾದವರು ಯಾರು ಬರುತ್ತಾರೆ ಎಂದು ಮಾತ್ರ ನಿನ್ನೆ ಎರಡು ಸಲ ಕೇಳಿದಳು. ಸಮಿತಿಯವರು ಅದಕ್ಕೆ ಉತ್ತರ ಕೊಟ್ಟರೆ ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ.

 ಜೈ ಕನ್ನಡಾಂಬೆ.