ಕಂಸಾಳೆಯ ಸದ್ದು, ಕಪ್ಪುಕುಳಿಯ ಲೆಕ್ಕ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಕೌದಳ್ಳಿಯ ಈ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಬಿ.ಇ. ಮುಗಿಸಿ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿರುವವನು ನಾನು. ಭೌತವಿಜ್ಞಾನಿಯಲ್ಲ. ಮಕ್ಕಳಿಗೆ ವಿಜ್ಞಾನದ ಬಗ್ಗೆ ನಾಲ್ಕು ಮಾತು ಹೇಳು ಎಂದು ಮೇಷ್ಟ್ರು ಅಪ್ಪಣೆ ಮಾಡಿದ್ದರಿಂದ, ಬಿಡುವಿನಲ್ಲಿ ಓದಿಕೊಂಡದ್ದನ್ನು ಹೇಳುತ್ತೇನೆ.

ಮಾದಪ್ಪನ ಬೆಟ್ಟದ ದಾರಿಯಲ್ಲಿರುವ ನಮಗೆ ಕಂಸಾಳೆ ಹೊಸದಲ್ಲ. ನನ್ನ ತಾತ ಕಂಸಾಳೆ ಹಿಡಿದು ಹಾಡುತ್ತಿದ್ದರು. ಒಮ್ಮೆ ತಟ್ಟಿದರೆ ಕಂಚು ಝೇಂಕರಿಸಿ, ಸದ್ದು ಮೆಲ್ಲಗೆ ಅಡಗುತ್ತದೆ. ಕಪ್ಪುಕುಳಿಯೂ, ಅಂದರೆ ಬೆಳಕನ್ನೂ ಹೊರಬಿಡದ ಬ್ಲ್ಯಾಕ್ ಹೋಲ್ ಕೂಡ, ಹೀಗೇ ಮಿಡಿದು ಸುಮ್ಮನಾಗುತ್ತದೆ ಎಂದು 1970ರಲ್ಲಿ ಲೆಕ್ಕ ಹಾಕಿ ತೋರಿಸಿದವರು ನಮ್ಮ ಸಿ.ವಿ. ವಿಶ್ವೇಶ್ವರ. ಬೆಂಗಳೂರಿನಲ್ಲಿ ಹುಟ್ಟಿ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿದವರು. ಮುಂದೆ ಬೆಂಗಳೂರಿನ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರಾದರು. ಹೇಗೆ ತಟ್ಟಿದರೂ ಕೊನೆಯ ಮಿಡಿತ ಹೇಳುವುದು ಕುಳಿಯ ತೂಕ ಮತ್ತು ತಿರುಗುವಿಕೆಯನ್ನು ಮಾತ್ರ. ಒಳಗೆ ಬಿದ್ದದ್ದು ನಕ್ಷತ್ರವೋ ಪುಸ್ತಕವೋ, ಹೊರಗಿನವರಿಗೆ ತಿಳಿಯದು.

2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೊ ಉಪಕರಣಗಳು ಎರಡು ಕಪ್ಪುಕುಳಿಗಳು ಒಂದಾದದ್ದನ್ನು ಮೊದಲ ಬಾರಿಗೆ ದಾಖಲಿಸಿದವು. ಆ ಸುದ್ದಿ ಪ್ರಕಟವಾದಾಗ ವಿಶ್ವೇಶ್ವರ ಇದ್ದರು. 2017ರ ಜನವರಿಯಲ್ಲಿ ತೀರಿಕೊಂಡರು. ಮಕ್ಕಳೇ, ಪೆನ್ನು ತೆಗೆಯಿರಿ. ಒಂದು ಕುಳಿ ಸುಮಾರು 36 ಸೂರ್ಯರ ತೂಕ, ಇನ್ನೊಂದು 29. ಸೇರಿ ಆದದ್ದು 65 ಅಲ್ಲ, 62. ಉಳಿದ 3 ಸೂರ್ಯರಷ್ಟು ಗುರುತ್ವದ ಅಲೆಯಾಗಿ ಹೊರಟುಹೋಯಿತು. ಈಗ ವರ್ಗ ಮಾಡಿ, ಏಕೆಂದರೆ ಕುಳಿಯ ಮೇಲ್ಮೈ ತೂಕದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. 36ರ ವರ್ಗ 1296, 29ರದು 841, ಒಟ್ಟು 2137. 62ರ ವರ್ಗ 3844! ತಿರುಗುವಿಕೆಗಾಗಿ ಸ್ವಲ್ಪ ಕಳೆದರೂ ಹೆಚ್ಚೇ. ತೂಕ ಇಳಿಯಿತು, ಮೇಲ್ಮೈ ಬೆಳೆಯಿತು. ಹೀಗೆ ಸೇರಿದಾಗ ಮೇಲ್ಮೈ ಎಂದೂ ಕುಗ್ಗದು ಎಂದು 1971ರಲ್ಲೇ ಸ್ಟೀಫನ್ ಹಾಕಿಂಗ್ ಸಾಧಿಸಿದ್ದರು.

ಎಂದೂ ಕುಗ್ಗದ ಇನ್ನೊಂದು ಸಂಗತಿ ಎಂಟ್ರೊಪಿ. ರಾಗಿ ಮೂಟೆಯನ್ನು ಕುಲುಕಿದರೆ ಹೊರಗಿನಿಂದ ಅದೇ ಮೂಟೆ. ಒಳಗೆ ಕಾಳುಗಳ ಜೋಡಣೆ ಬೇರೆ. ಹೊರಗೆ ಕಾಣದ ಇಂಥ ಜೋಡಣೆಗಳು ಎಷ್ಟು ಎಂಬುದರ ಅಳತೆಯೇ ಎಂಟ್ರೊಪಿ. ಕಪ್ಪುಕುಳಿಯ ಮೇಲ್ಮೈಯೇ ಅದರ ಎಂಟ್ರೊಪಿಯ ಅಳತೆ ಎಂದರು ಯಾಕೋಬ್ ಬೆಕೆನ್‌ಸ್ಟೈನ್. ಹಾಕಿಂಗ್ ಮೊದಲು ಒಪ್ಪಲಿಲ್ಲ. 1974ರಲ್ಲಿ, ಕಪ್ಪುಕುಳಿಗೂ ಶಾಖವಿದೆ, ಅದೂ ಸೂಸುತ್ತದೆ ಎಂದು ತಾವೇ ಕಂಡುಕೊಂಡ ಮೇಲೆ ಒಪ್ಪಿದರು. ಸೂರ್ಯನಷ್ಟು ತೂಕದ, ಬರೀ 3 ಕಿ.ಮೀ. ತ್ರಿಜ್ಯದ ಕಪ್ಪುಕುಳಿಯ ಎಂಟ್ರೊಪಿ 1ರ ಮುಂದೆ 77 ಸೊನ್ನೆಯಷ್ಟು.

ನನಗೆ ನಿದ್ದೆ ಕೆಡಿಸಿದ್ದು ಇದೇ. ಕೋಣೆಯಲ್ಲಿ ಎಷ್ಟು ಮೂಟೆ ಹಿಡಿಯುತ್ತದೆ ಎಂದರೆ ಉದ್ದ, ಅಗಲ, ಎತ್ತರ ಗುಣಿಸುತ್ತೇವೆ. ಮಾಹಿತಿಯ ಮಟ್ಟಿಗೆ ಪ್ರಕೃತಿ ಗೋಡೆಗೆ ಬಳಿಯುವ ಸುಣ್ಣದ ಲೆಕ್ಕ ಹಾಕುತ್ತದೆ! ಕೋಣೆಯೊಳಗೆ ಇರಬಹುದಾದದ್ದೆಲ್ಲ ಗೋಡೆಯ ಮೇಲೇ ಬರೆದಿಡುವಷ್ಟು ಎಂದು 1993ರಲ್ಲಿ ಗೆರಾರ್ಡ್ ಟ್ ಹೂಫ್ಟ್, ಆಮೇಲೆ ಲಿಯೊನಾರ್ಡ್ ಸಸ್ಕಿಂಡ್ ವಾದಿಸಿದರು. ಬ್ಯಾಂಕ್ ಕಾರ್ಡಿನ ಹೊಳೆಯುವ ಚೀಟಿಯಲ್ಲಿ ಚಪ್ಪಟೆ ಹಾಳೆ ಆಳವನ್ನು ತೋರಿಸುತ್ತದಲ್ಲ, ಹಾಗೆ. ಅದಕ್ಕೇ ಹಾಲೊಗ್ರಾಫಿಕ್ ತತ್ತ್ವ ಎಂಬ ಹೆಸರು. 1997ರಲ್ಲಿ ಹುವಾನ್ ಮಾಲ್ಡಸೇನ ಇದಕ್ಕೆ ಗಟ್ಟಿ ಗಣಿತದ ಉದಾಹರಣೆ ಕೊಟ್ಟರು, ಆದರೆ ಅದು ನಮ್ಮ ವಿಶ್ವದಂಥದ್ದಲ್ಲ. ನಾವೆಲ್ಲ ಬರೀ ಚಿತ್ರ ಎಂದು ಯಾರಾದರೂ ವಿಡಿಯೊದಲ್ಲಿ ಹೇಳಿದರೆ ನಂಬಬೇಡಿ.

ಕುಳಿಗೆ ಬಿದ್ದ ಮಾಹಿತಿ ಅಳಿಯುವುದಿಲ್ಲ ಎಂದು ಈಗ ಬಹಳ ವಿಜ್ಞಾನಿಗಳ ನಂಬಿಕೆ. ಕೇಳಲು ಸಮಾಧಾನ. ಆದರೆ ನನ್ನ ತಾತ ಹಾಡಿದ್ದನ್ನು ನಾನು ಫೋನಿನಲ್ಲಿ ಹಿಡಿದಿಟ್ಟಿದ್ದೆ. ಫೋನ್ ಬಸ್ಸಿನಲ್ಲಿ ಕಳೆಯಿತು, ಬೇರೆ ಪ್ರತಿ ಇರಲಿಲ್ಲ. ದಿನವಿಡೀ ಪರರ ಮಾಹಿತಿ ಜೋಪಾನ ಮಾಡುವುದೇ ನನ್ನ ಕೆಲಸ! ತಾತ ಈಗಿಲ್ಲ. ಆ ಸದ್ದಿನ ಗುರುತು ಈ ಊರಿನ ಗಾಳಿಯಲ್ಲಿ ಚದುರಿ ಉಳಿದಿದೆ ಎಂದು ಭೌತಶಾಸ್ತ್ರ ಹೇಳಿದರೂ ಹೆಕ್ಕಿ ತೆಗೆಯುವ ದಾರಿ ಯಾರ ಬಳಿಯೂ ಇಲ್ಲ.

ತಾತನ ಜೊತೆ ಹಾಡುತ್ತಿದ್ದ ಇಬ್ಬರು ಹಿರಿಯರು ಇಲ್ಲೇ ಕೂತಿದ್ದಾರೆ. ಊಟವಾದ ಮೇಲೆ ಹಾಡಲು ಒಪ್ಪಿದ್ದಾರೆ. ರೆಕಾರ್ಡರ್ ತಂದಿದ್ದೇನೆ. ಪದ ಬರೆದುಕೊಳ್ಳಲು ಅಕ್ಷರ ದುಂಡಗಿರುವ ನಾಲ್ಕು ಮಕ್ಕಳು ಬೇಕು. ಒಂಬತ್ತನೇ ತರಗತಿಯ ಕೋಣೆಗೆ ಬನ್ನಿ.